ಪುಣೆಯ ರ‍್ಯಾಪ್: ಐದಾರು ವರ್ಷಕ್ಕೊಂದು ತಲೆಮಾರು

ಪುಣೆಯ ರ‍್ಯಾಪ್ ಲೋಕದಲ್ಲಿ ಹಿರಿಯರು, ಕಿರಿಯರು ಎಂದಾಗಲು ಮೂವತ್ತು ವರ್ಷಗಳ ಅಂತರ ಬೇಕಾಗಿಲ್ಲ; ಐದಾರು ವರ್ಷ ಸಾಕು. ಮಾತು ಮುಖ್ಯವೋ ನಾದ ಮುಖ್ಯವೋ ಎಂಬುದು ಜಗಳದ ಮೂಲ. ಪುಣೆಯ ಒಂದು ಮುಖ ಮುಂಬೈ–ಬೆಂಗಳೂರು ಹೆದ್ದಾರಿ ಹಾದುಹೋಗುವ ವಾಕಡ; ಹಿಂಜವಡಿಯ ಐಟಿ ಪಾರ್ಕ್ ಬೆಳೆದಂತೆ ಹೊಲಗಳು ಹೋಗಿ ಅಪಾರ್ಟ್‌ಮೆಂಟುಗಳು ಎದ್ದ ಬಡಾವಣೆ. ರ‍್ಯಾಪ್‌ನಿಂದ ದೇಶಕ್ಕೆಲ್ಲ ಪರಿಚಯವಾದ ಪುಣೆ ಇದಲ್ಲ. ಅದು ರೈಲು ನಿಲ್ದಾಣದ ಹತ್ತಿರದ ತಾಡಿವಾಲಾ ರಸ್ತೆಯ ಬಸ್ತಿ, ಅಂದರೆ ಕೊಳೆಗೇರಿ.

1992ರಲ್ಲಿ ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ ರ‍್ಯಾಪನ್ನು ಮನೆಮನೆಗೆ ಮುಟ್ಟಿಸಿತು, ಆದರೆ ತಮಾಷೆಯ ಹಾಡಾಗಿ. ಅದಕ್ಕೆ ಬದುಕಿನ ಬಿಸಿ ತಂದವರಲ್ಲಿ ಮುಂಬೈಯ ಡಿವೈನ್ ಮತ್ತು ನೇಜಿ ಮುಖ್ಯರು. ಅವರ ‘ಮೇರೆ ಗಲ್ಲಿ ಮೇ’ 2015ರಲ್ಲಿ ಬಂತು. 2019ರ ‘ಗಲ್ಲಿ ಬಾಯ್’ ಚಿತ್ರ ಅದೇ ಲೋಕವನ್ನು ತೆರೆಗೆ ತಂದಿತು. ಈ ಪಂಥದಲ್ಲಿ ತಾಳದ ಪೆಟ್ಟು ಸರಳ, ಪ್ರಾಸ ಬಿಗಿ; ಒಂದೊಂದು ಪದವೂ ಕಿವಿಗೆ ಸ್ಪಷ್ಟವಾಗಿ ಬೀಳಬೇಕು. ತಾನು ಬಾಳಿದ್ದನ್ನೇ ಹಾಡಬೇಕು ಎಂಬುದು ಅಲಿಖಿತ ನಿಯಮ.

ಪಂಥ ಗಟ್ಟಿಯಾಗುವ ಮೊದಲೇ ಬಿರುಕು ಕಾಣಿಸಿತು. ಬೆಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ರ‍್ಯಾಪರ್ ಎಮಿವೇ ಬಂಟೈ, 2018ರಲ್ಲಿ ತಮಗಿಂತ ಏಳು ವರ್ಷ ದೊಡ್ಡವರಾದ ರ‍್ಯಾಪರ್ ರಫ್ತಾರ್ ಅವರನ್ನು ಹಾಡಿನಲ್ಲಿ ಕೆಣಕಿದರು. ರಫ್ತಾರ್ ಹಾಡಿನಲ್ಲೇ ಉತ್ತರ ಕೊಟ್ಟರು. ಮುಂದಿನ ಸುತ್ತಿಗೆ ಎಮಿವೇ ಅವರೇ ಹಿರಿಯರಾಗಿಬಿಟ್ಟಿದ್ದರು. ತಾಡಿವಾಲಾ ರಸ್ತೆಯ ಎಂ.ಸಿ. ಸ್ಟ್ಯಾನ್ ‘ಖುಜಾ ಮತ್’ ಹಾಡಿನಲ್ಲಿ ಅವರ ಮೇಲೆರಗಿದರು. ಸ್ಟ್ಯಾನ್, ಅಂದರೆ ಅಲ್ತಾಫ್ ಶೇಖ್, ಹುಟ್ಟಿದ್ದು 1999ರಲ್ಲಿ.

ಸ್ಟ್ಯಾನ್ ತಂದದ್ದು ಬೇರೆಯದೇ ನಾದ. ‘ತಡೀಪಾರ್’ (2020), ‘ಇನ್ಸಾನ್’ (2022) ಆಲ್ಬಮ್‌ಗಳಲ್ಲಿ ಅಟ್ಲಾಂಟಾ ಕಡೆಯ ಟ್ರ್ಯಾಪ್ ತಾಳವಿದೆ, ದನಿಯನ್ನು ಎಳೆದು ಸ್ವರಕ್ಕೆ ಕೂರಿಸುವ ಆಟೋಟ್ಯೂನ್ ಇದೆ, ಮರಾಠಿ ಬೆರೆತ ಬಸ್ತಿಯ ಹಿಂದಿ ಇದೆ, ಬೈಗುಳವಂತೂ ಧಾರಾಳ. ಪದ ಅರ್ಧ ನುಂಗಿಹೋದರೂ ಸಂಕಟ ರಾಗದಲ್ಲಿ ಉಳಿಯುತ್ತದೆ. ಸ್ಪಷ್ಟ ಮಾತಿನ ಪಕ್ಷದವರಿಗೆ ಇದು ಬರೀ ತೊದಲು. ಅಮೆರಿಕದಲ್ಲಿ ಈ ಜಗಳ ಹತ್ತು ವರ್ಷ ಮೊದಲೇ ಆಗಿಹೋಗಿತ್ತು: ಆಟೋಟ್ಯೂನ್ ಸತ್ತಿತೆಂದು ಸಾರಲು ರ‍್ಯಾಪರ್ ಜೇ-ಝೀ 2009ರಲ್ಲಿ ಒಂದು ಹಾಡನ್ನೇ ಹೊರತಂದಿದ್ದರು. ಅದು ಸಾಯಲಿಲ್ಲ. ಇಲ್ಲಿಯೂ ಅಷ್ಟೆ. 2021ರಲ್ಲಿ, ಪದಚಾತುರ್ಯಕ್ಕೆ ಹೆಸರಾದ ದೆಹಲಿಯ ಸೀಧೆ ಮೌತ್ ಜೋಡಿ ‘ನಾನ್‌ಚಾಕು’ ಹಾಡಿಗೆ ಸ್ಟ್ಯಾನ್ ಅವರನ್ನೇ ಸೇರಿಸಿಕೊಂಡಿತು. ಪಂಥಗಳ ಗೆರೆ ಹಾಡುವವರಿಗಿಂತ ಕೇಳುವವರಲ್ಲೇ ಗಟ್ಟಿ ಎನ್ನಬೇಕು.

2023ರ ಫೆಬ್ರುವರಿಯಲ್ಲಿ ಸ್ಟ್ಯಾನ್ ಹಿಂದಿ ‘ಬಿಗ್ ಬಾಸ್’ 16ನೇ ಆವೃತ್ತಿ ಗೆದ್ದ ಮೇಲೆ ವ್ಯಾಜ್ಯ ರ‍್ಯಾಪರ್‌ಗಳ ಕೈಮೀರಿತು. ಮರುತಿಂಗಳೇ ಇಂದೋರ್‌ನಲ್ಲಿ, ಬೈಗುಳದ ಕಾರಣ ಹೇಳಿ ಕರ್ಣಿ ಸೇನೆ ಎಂಬ ಸಂಘಟನೆಯವರು ಅವರ ಕಾರ್ಯಕ್ರಮ ನಿಲ್ಲಿಸಿದರು. ಪುಣೆಯಲ್ಲೂ ಅದೇ ಸಿಟ್ಟು ಎದ್ದಿತು. ವಾಕಡದಿಂದ ಔಂಧ್ ದಾಟಿದರೆ ಸಿಗುವ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ, ಹಿಂದೆ ಬ್ರಿಟಿಷ್ ಗವರ್ನರರ ನಿವಾಸ. ಅಲ್ಲಿ ಅಶ್ಲೀಲ ಪದಗಳ ಮರಾಠಿ ರ‍್ಯಾಪ್ ಒಂದರ ಚಿತ್ರೀಕರಣ ನಡೆದ ಸಂಗತಿ ಏಪ್ರಿಲ್‌ನಲ್ಲಿ ಬಯಲಾಗಿ, ಪೊಲೀಸ್ ಪ್ರಕರಣವಾಯಿತು. ಪ್ರತಿಭಟನೆಗೆ ಇಳಿದವರಲ್ಲಿ ವಿದ್ಯಾರ್ಥಿ ಸಂಘಟನೆಗಳೂ ಇದ್ದವು. ಸಿಟ್ಟು ಬರೀ ವಯಸ್ಸಾದವರದಾಗಿರಲಿಲ್ಲ.

ಎದುರಾಳಿಯನ್ನು ಹಾಡಿನಲ್ಲೇ ಬಗ್ಗುಬಡಿಯುವುದು ಈ ಸೀಮೆಗೆ ಹೊಸದೇನಲ್ಲ. ಮಹಾರಾಷ್ಟ್ರದ ಕಲ್ಗಿ–ತುರಾ, ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳು ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಡಪ್ಪು, ತುಂತುಣಿ ಹಿಡಿದು ಬೆಳಗಾಗುವವರೆಗೆ ಸವಾಲ್–ಜವಾಬ್ ನಡೆಸುತ್ತಿದ್ದವು. ಆದರೆ ಅಲ್ಲಿ ಗುರುವಿನ ಬಳಿ ಪಂಥದ ಪದ ಕಲಿತೇ ಕಣಕ್ಕಿಳಿಯಬೇಕಿತ್ತು. ರ‍್ಯಾಪರ್‌ಗೆ ಒಂದು ಬೀಟ್, ಒಂದು ಯೂಟ್ಯೂಬ್ ಚಾನೆಲ್ ಸಾಕು. ಯಾರ ಅಪ್ಪಣೆಯೂ ಬೇಡ. ಹಿರಿಯರ ಅಸಮಾಧಾನದಲ್ಲಿ ದೊಡ್ಡ ಪಾಲು ಇದರದ್ದೇ.

ಹೆದ್ದಾರಿಯ ಬೆಂಗಳೂರಿನ ತುದಿಯಲ್ಲಿ ಜಗಳ ಜನಪದದ ಮೇಲೆಯೇ ಎದ್ದಿತು. 2020ರ ಆಗಸ್ಟ್‌ನಲ್ಲಿ ಕನ್ನಡದ ರ‍್ಯಾಪರ್ ಚಂದನ್ ಶೆಟ್ಟಿ ಮಲೆ ಮಾದಪ್ಪನ ಪದವಾದ ‘ಕೋಲುಮಂಡೆ’ಯನ್ನು ರ‍್ಯಾಪ್‌ಗೆ ಅಳವಡಿಸಿದಾಗ, ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಭಕ್ತರನ್ನು ಕೆರಳಿಸಿತು. ಶೆಟ್ಟಿ ಕ್ಷಮೆ ಕೇಳಿದರು. ವಿಡಿಯೊ ಯೂಟ್ಯೂಬ್‌ನಿಂದ ಮರೆಯಾಯಿತು.