ಬಳ್ಳಾರಿ ಕೋಟೆ: ನಾಯಕರ ಬಲ, ಅರಸರ ಹಿಡಿತ

ಬಳ್ಳಾರಿ ಗುಡ್ಡದ ಮೇಲುಕೋಟೆಯನ್ನು ವಿಜಯನಗರದ ಕಾಲದಲ್ಲಿ ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ. ಬಂಡೆಯ ಸೀಳುಗಳಲ್ಲಿ ಮಳೆನೀರು ನಿಲ್ಲುವ ಹೊಂಡಗಳು ಅಲ್ಲಿವೆ. ಮುತ್ತಿಗೆಯ ದಿನಗಳಲ್ಲಿ ದಂಡಿಗೆ ಅದೇ ಆಸರೆ. ವಿಜಯನಗರ ಬಿದ್ದ ಮೇಲೆ ನಾಯಕರು ಬಿಜಾಪುರಕ್ಕೆ, ಆಮೇಲೆ ಬೇರೆ ದೊರೆಗಳಿಗೆ ಕಪ್ಪ ಕಟ್ಟಿದರು. ಕೋಟೆ, ಕಂದಾಯ, ಕಾಲಾಳು ಮಾತ್ರ ಅವರ ಕೈಯಲ್ಲೇ ಉಳಿದವು.

ಇದೇ ಅವಧಿಯಲ್ಲಿ ಯುರೋಪಿನ ಅರಸರು ಇಂಥ ಸ್ಥಳೀಯ ಬಲವನ್ನು ಮುರಿಯುತ್ತಿದ್ದರು. ಫ್ರಾನ್ಸಿನ 14ನೇ ಲೂಯಿ (1643–1715) ಸರದಾರರನ್ನು ವರ್ಸೇಲ್ಸ್ ಅರಮನೆಗೆ ಸೆಳೆದು, ಪ್ರಾಂತ್ಯಗಳನ್ನು ತನ್ನ ಅಧಿಕಾರಿಗಳಿಗೆ ಒಪ್ಪಿಸಿದ.

ಈ ಸೀಮೆಯಲ್ಲಿ ಆ ದಾರಿ ಹಿಡಿದವನು ಹೈದರ್ ಅಲಿ. 1775ರ ಸುಮಾರಿಗೆ ಆದವಾನಿಯ ಬಸಾಲತ್ ಜಂಗ್ ಮುತ್ತಿಗೆ ಹಾಕಿದಾಗ ಬಳ್ಳಾರಿಯ ನಾಯಕ ಹೈದರನ ನೆರವು ಬೇಡಿದ. ಹೈದರ್ ಮುತ್ತಿಗೆ ಬಿಡಿಸಿದ, ಕೋಟೆಯನ್ನು ತಾನೇ ಇಟ್ಟುಕೊಂಡ. ಬುಡದ ಕೆಳಕೋಟೆ ಅವನ ಕಾಲದ್ದು. ಅದನ್ನು ರೂಪಿಸಿದ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ತಿಳಿದಾಗ ಗಲ್ಲಿಗೇರಿಸಿದನೆಂಬ ಕಥೆ ಊರಿನಲ್ಲಿದೆ.

ಆ ಹಿಡಿತ ಎರಡು ದಶಕವೂ ಬಾಳಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧದಷ್ಟು ರಾಜ್ಯ ಬಿಟ್ಟುಕೊಟ್ಟಾಗ ಬಳ್ಳಾರಿ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮ ಸಿರುಗುಪ್ಪ, ಕುರುಗೋಡು ಸಹಿತ ಈ ನಾಡನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಪಾಳೆಯಗಾರಿಕೆ ನಿಜವಾಗಿ ಮುಗಿದದ್ದು ಆಗಲೇ: 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ನಾಯಕರ ದಂಡುಗಳನ್ನು ಚದುರಿಸಿ, ಹಲವರಿಗೆ ಪಿಂಚಣಿ ಗೊತ್ತುಮಾಡಿ, ರೈತರಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಬೆಳೆಸಿದ.