ಕತೆಯನ್ನು ಹೇಳುವವರು ಯಾರು?

ಸಣ್ಣಕತೆಯ ಅಂಗಗಳು ಯಾವುವು ಎಂದು ಕೇಳಿದರೆ ಕಾಲೇಜಿನ ವಿದ್ಯಾರ್ಥಿ ತಡವರಿಸದೆ ಉತ್ತರ ಹೇಳುತ್ತಾನೆ: ವಸ್ತು, ಸಂವಿಧಾನ, ಪಾತ್ರ, ಸನ್ನಿವೇಶ, ಸಂಭಾಷಣೆ, ಶೈಲಿ. ನಾನು ವಿದ್ಯಾರ್ಥಿಯಾಗಿದ್ದಾಗ ಬರೆದುಕೊಂಡ ಪಟ್ಟಿಯೂ ಹೆಚ್ಚು ಕಡಿಮೆ ಇದೇ. ಈ ಮಾತುಗಳು ನಮಗೆ ಎಲ್ಲಿಂದ ಬಂದವು, ಬರುವಾಗ ಯಾವುದನ್ನು ಹಿಂದೆ ಬಿಟ್ಟು ಬಂದವು ಎಂದು ವಿಚಾರಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಸಣ್ಣಕತೆಗೆ ಎಲ್ಲಕ್ಕಿಂತ ಅಗತ್ಯವಾದ ಅಂಗಕ್ಕೇ ಈ ಪಟ್ಟಿಯಲ್ಲಿ ಎಡೆಯಿಲ್ಲ. ಕತೆಯನ್ನು ಹೇಳುವಾತ, ಅಥವಾ ಹೇಳುವಾಕೆ, ಆ ಅಂಗ. ಅದರ ಚರಿತ್ರೆಯನ್ನು ಸ್ಥೂಲವಾಗಿ ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ನಮ್ಮ ಪಾರಿಭಾಷಿಕ ಪದಗಳಲ್ಲಿ ಬಹುಪಾಲು ನಾಟಕದ ಮನೆಯವು. ಭರತನ ನಾಟ್ಯಶಾಸ್ತ್ರ ಇತಿವೃತ್ತವನ್ನು ನಾಟ್ಯದ ಶರೀರವೆಂದು ಕರೆದು, ಅದನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಾಗಿ ವಿಂಗಡಿಸುತ್ತದೆ. ಹತ್ತನೆಯ ಶತಮಾನದ ಧನಂಜಯನ ದಶರೂಪಕ, ರೂಪಕಗಳು ಒಂದರಿಂದೊಂದು ಬೇರೆಯಾಗುವುದು ವಸ್ತು, ನೇತೃ, ರಸ ಎಂಬ ಮೂರರಿಂದ ಎನ್ನುತ್ತದೆ. ಪಾತ್ರ ಎಂಬ ಮಾತೂ ಕತೆಗೆ ಬಂದದ್ದು ರಂಗಭೂಮಿಯಿಂದಲೇ. ಪಶ್ಚಿಮದ ಕಡೆ ನೋಡಿದರೂ ಇದೇ ಸ್ಥಿತಿ. ಅರಿಸ್ಟಾಟಲನು ಕಥಾಸಂವಿಧಾನವನ್ನು ದುರಂತನಾಟಕದ ಆತ್ಮವೆಂದು ಎಣಿಸಿದನು. ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಎಂದು ಇಂದು ಸಣ್ಣಕತೆಗೂ ಬಳಸುವ ಗೋಪುರದ ನಕ್ಷೆಯನ್ನು ಜರ್ಮನಿಯ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಬರೆದದ್ದು ನಾಟಕದ ರಚನೆಯನ್ನು ಕುರಿತ ಪುಸ್ತಕದಲ್ಲಿ.

ನಾಟಕದಲ್ಲಿ ನಾವು ಕಣ್ಣಾರೆ ಕಾಣುತ್ತೇವೆ. ಸೂತ್ರಧಾರನು ಪ್ರಸ್ತಾವನೆ ಮುಗಿಸಿ ಸರಿದುಹೋದ ಮೇಲೆ ನಮಗೂ ಘಟನೆಗೂ ನಡುವೆ ನಿಲ್ಲುವವರು ಯಾರೂ ಇಲ್ಲ. ಕತೆಯ ರೀತಿ ಅದಲ್ಲ. ಅಲ್ಲಿ ನಮಗೆ ತಿಳಿಯುವುದೆಲ್ಲ ಒಬ್ಬರ ಬಾಯಿಂದ, ಒಬ್ಬರ ಕಣ್ಣಿನ ಮೂಲಕ. ನಾಟಕದ ಅಳತೆಗೋಲಿನಿಂದ ಕತೆಯನ್ನು ಅಳೆದಾಗ ಈ ವ್ಯಕ್ತಿ ಕಣ್ಮರೆಯಾದುದು ಸಹಜವೇ.

ಹಾಗೆಂದು ನಮ್ಮ ಹಳಬರು ಇದನ್ನು ಗಮನಿಸಿರಲಿಲ್ಲವೆಂದಲ್ಲ. ಆಲಂಕಾರಿಕನಾದ ಭಾಮಹನು ಗದ್ಯಪ್ರಬಂಧಗಳಲ್ಲಿ ಆಖ್ಯಾಯಿಕೆ, ಕಥೆ ಎಂದು ಎರಡು ಬಗೆ ಮಾಡಿದನು. ಅವನು ತೋರಿದ ಭೇದಗಳಲ್ಲಿ ಒಂದು, ಹೇಳುವವರು ಯಾರು ಎಂಬುದು. ಆಖ್ಯಾಯಿಕೆಯಲ್ಲಿ ನಾಯಕನೇ ತನ್ನ ವೃತ್ತಾಂತವನ್ನು ಹೇಳುತ್ತಾನೆ. ಕಥೆಯಲ್ಲಿ ಬೇರೆಯವರು ಹೇಳುತ್ತಾರೆ, ಏಕೆಂದರೆ ಕುಲೀನನಾದವನು ತನ್ನ ಗುಣವನ್ನು ತಾನೇ ಹೇಗೆ ಹೊಗಳಿಕೊಂಡಾನು? ದಂಡಿ ಇದನ್ನು ಒಪ್ಪಲಿಲ್ಲ. ನಡೆದದ್ದನ್ನು ನಡೆದಂತೆ ಹೇಳುವವನಿಗೆ ಆತ್ಮಪ್ರಶಂಸೆಯ ದೋಷ ತಗಲುವುದಿಲ್ಲ. ನಾಯಕ ಹೇಳಿದರೇನು, ಇತರರು ಹೇಳಿದರೇನು, ಜಾತಿ ಒಂದೇ, ಹೆಸರು ಮಾತ್ರ ಎರಡು ಎಂಬುದು ಅವನ ವಾದ.

ತರ್ಕದಲ್ಲಿ ದಂಡಿಯದೇ ಮೇಲುಗೈ ಎನ್ನಬಹುದು. ಆದರೆ ಭಾಮಹನ ಸಂಕೋಚದಲ್ಲಿ ಒಂದು ಅಮೂಲ್ಯವಾದ ಹೊಳಹು ಇತ್ತು. ಹೇಳುವವನು ಬದಲಾದರೆ ಹೇಳಿದ ಮಾತಿನ ಬೆಲೆಯೂ ಬದಲಾಗುತ್ತದೆ ಎಂಬುದು ಆ ಹೊಳಹು. ಮಹಾಕವಿ ಬಾಣನಿಗೆ ಇದು ಚೆನ್ನಾಗಿ ತಿಳಿದಿತ್ತು. ಹರ್ಷಚರಿತದಲ್ಲಿ ಅವನು ತನ್ನ ಬಾಳನ್ನೂ ಸೇರಿಸಿ ಹೇಳಿದನು. ಕಾದಂಬರಿಯಲ್ಲಿ ಗಿಳಿಯೊಂದು ಶೂದ್ರಕ ರಾಜನಿಗೆ ಕತೆ ಹೇಳುತ್ತದೆ. ಅದರೊಳಗೆ ಜಾಬಾಲಿ ಮುನಿ ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆ ತನ್ನ ದುಃಖವನ್ನು ತಾನೇ ತೋಡಿಕೊಳ್ಳುತ್ತಾಳೆ. ನಾಗವರ್ಮನು ಕನ್ನಡಕ್ಕೆ ತಂದ ಕೃತಿ ಇದು. ನಾವು ಗದ್ಯದ ದೀರ್ಘಕತೆಗೆ ಕಾದಂಬರಿ ಎಂದು ಹೆಸರಿಟ್ಟದ್ದೂ ಇದರಿಂದಲೇ. ಹೆಸರನ್ನು ಉಳಿಸಿಕೊಂಡೆವು, ಹೇಳುವವರ ಬಗೆಗಿನ ಆ ಎಚ್ಚರವನ್ನು ಮಾತ್ರ ನಮ್ಮ ಲಕ್ಷಣಗ್ರಂಥಗಳು ಬೆಳೆಸಲಿಲ್ಲ.

ಇನ್ನು ಸಣ್ಣಕತೆ ಎಂಬ ಹೊಸ ಪ್ರಕಾರದ ವಿಚಾರ. ಅಮೆರಿಕದ ಎಡ್ಗರ್ ಅಲನ್ ಪೋ 1842ರಲ್ಲಿ ಹಾಥಾರ್ನನ ಕತೆಗಳನ್ನು ವಿಮರ್ಶಿಸುತ್ತ, ಕತೆ ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸುವಂತಿರಬೇಕು, ಅದರ ಪ್ರತಿಯೊಂದು ಮಾತೂ ಮೊದಲೇ ಗೊತ್ತುಮಾಡಿಕೊಂಡ ಒಂದೇ ಪರಿಣಾಮಕ್ಕೆ ದುಡಿಯಬೇಕು ಎಂದನು. ಸಣ್ಣಕತೆಯ ‘ಸಣ್ಣ’ ಎಂಬುದು ಪುಟಗಳ ಎಣಿಕೆಯಲ್ಲ, ಏಕಾಗ್ರತೆ ಎಂಬ ತಿಳಿವಳಿಕೆಗೆ ಇದು ಬುನಾದಿಯಾಯಿತು. ಆದರೆ ಪರಿಣಾಮ ಒಂದೇ ಆಗಬೇಕಾದರೆ ನೋಡುವ ಕಣ್ಣೂ ಒಂದೆಡೆ ನಿಲ್ಲಬೇಕಷ್ಟೆ. ಈ ನಿಲುವಿನ ಪ್ರಶ್ನೆಯನ್ನು ಹೆನ್ರಿ ಜೇಮ್ಸ್ 1907ರಿಂದ 1909ರವರೆಗೆ ತನ್ನ ಕೃತಿಗಳಿಗೆ ಬರೆದ ಮುನ್ನುಡಿಗಳಲ್ಲಿ ಬಿಡಿಸಿ ನೋಡಿದನು. 1921ರಲ್ಲಿ ಪರ್ಸಿ ಲಬಕ್ ಅದನ್ನೇ ಕಥನಕಲೆಯ ಕೇಂದ್ರಸಮಸ್ಯೆಯೆಂದು ಪ್ರತಿಪಾದಿಸಿದನು.

ಕನ್ನಡದಲ್ಲಿ ಈ ಚರ್ಚೆಗೆ ಕಾಯದೆಯೇ ಕತೆಗಾರರು ಕೆಲಸವನ್ನು ಮಾಡಿ ತೋರಿಸಿದ್ದರು. 1900ರ ಹೊತ್ತಿಗೆ ಮಂಗಳೂರಿನ ‘ಸುವಾಸಿನಿ’ಯಲ್ಲಿ ಪಂಜೆ ಮಂಗೇಶರಾಯರು ಕತೆಗಳನ್ನು ಬರೆದರು. ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಸಂಕಲನ 1920ರಲ್ಲಿ ಹೊರಬಂದಿತು. ಅವರ ‘ರಂಗನ ಮದುವೆ’ಯ ವಸ್ತುವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು: ಬೆಂಗಳೂರಿನಲ್ಲಿ ಓದಿ ಬಂದ ಶಾನುಭೋಗರ ಮಗ ಈಗಲೇ ಮದುವೆ ಬೇಡವೆಂದಿದ್ದವನು ಕೊನೆಗೆ ಊರಿಗೆ ಬಂದಿದ್ದ ಹುಡುಗಿಯೊಬ್ಬಳನ್ನು ಮದುವೆಯಾಗುತ್ತಾನೆ. ಇಷ್ಟರಲ್ಲಿ ಏನಿದೆ ಸ್ವಾರಸ್ಯ? ಸ್ವಾರಸ್ಯವಿರುವುದು ಅದನ್ನು ಹೇಳುವ ಶ್ಯಾಮನಲ್ಲಿ. ಹೊಸಹಳ್ಳಿಯನ್ನು ಹೊಗಳುತ್ತ, ಜೋಯಿಸರಿಗೆ ಮೊದಲೇ ಪಾಠ ಹೇಳಿಕೊಟ್ಟು, ಹುಡುಗನ ಮನಸ್ಸನ್ನು ಅವನಿಗೇ ತಿಳಿಯದಂತೆ ತಿರುಗಿಸುವವನು ಅವನು. ಆ ಠಕ್ಕುತನವನ್ನು ನಮ್ಮೆದುರು ನಗುತ್ತ ಬಿಚ್ಚಿಡುವವನೂ ಅವನೇ. ‘ಮೊಸರಿನ ಮಂಗಮ್ಮ’ದಲ್ಲಿ ಕೇಳಿಸಿಕೊಂಡು ಹೇಳುವಾಕೆ ಒಬ್ಬ ಗೃಹಿಣಿ. ಸೊಸೆಯೊಡನೆ ಜಗಳವಾಡಿ ಬೇರೆಯಾದ ಮುದುಕಿ, ಮೊಸರು ಅಳೆದುಕೊಡುವ ಬಾಗಿಲಲ್ಲಿ ಕುಳಿತು ಹೇಳಿಕೊಂಡ ಮಾತುಗಳು ಗಂಡಸಿನ ಕಿವಿಗೆ ಹಾಗೆ ಬೀಳುತ್ತಿರಲಿಲ್ಲ. ಮಾಸ್ತಿಯವರು ಆ ಮಾತಿಗೆ ತಕ್ಕ ಕಿವಿಯನ್ನು ಮೊದಲು ಹುಡುಕಿದರು.

ಇದು ಬರಿಯ ಕುಶಲತೆಯ ಪ್ರಶ್ನೆಯಲ್ಲ ಎಂಬುದಕ್ಕೆ ಆನಂದರ ‘ನಾನು ಕೊಂದ ಹುಡುಗಿ’ ನಿದರ್ಶನ. ಶಿಲ್ಪಗಳನ್ನು ನೋಡಲು ಹಳ್ಳಿಗೆ ಬಂದ ವಿದ್ಯಾವಂತನೊಬ್ಬ ಅಲ್ಲಿಯ ಗೃಹಸ್ಥನೊಬ್ಬನ ಅತಿಥಿಯಾಗುತ್ತಾನೆ. ಆ ಮನೆಯ ಮಗಳು ಹರಕೆಯಿಂದಾಗಿ ಬಸವಿಯಾಗಿ ಬಿಡಲ್ಪಟ್ಟವಳು. ಅವಳಿಗೆ ಅವನು ಸದುದ್ದೇಶದಿಂದಲೇ ಪಾಪಪುಣ್ಯದ ಉಪದೇಶ ಮಾಡುತ್ತಾನೆ. ಮರುದಿನ ಅವಳ ಹೆಣ ಬಾವಿಯಲ್ಲಿ. ಇದನ್ನೇ ದೂರ ನಿಂತ ಒಬ್ಬರು ಹೇಳಿದ್ದರೆ ಕೆಟ್ಟ ಪದ್ಧತಿಯೊಂದರ ಮೇಲಿನ ಸಮಾಜಸುಧಾರಣೆಯ ಕತೆಯಾಗುತ್ತಿತ್ತು; ಓದುಗ ಹಳ್ಳಿಯ ಮೌಢ್ಯಕ್ಕೆ ಮರುಗಿ ಪುಸ್ತಕ ಮುಚ್ಚುತ್ತಿದ್ದ. ಹೇಳುವವನು ‘ನಾನು’ ಆದುದರಿಂದ ತಪ್ಪಿನ ಭಾರ ತಿಳಿದವನ ಹೆಗಲಿಗೆ ಬಂತು, ಅವನಂತೆಯೇ ಓದು ಕಲಿತ ನಮ್ಮ ಹೆಗಲಿಗೂ ಬಂತು. ವಸ್ತು ಬಸವಿಪದ್ಧತಿ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಸಿಕ್ಕೀತು, ಕತೆ ಸಿಗಲಾರದು. ಭಾಮಹನ ಪ್ರಶ್ನೆ ಇಲ್ಲಿ ತಲೆಕೆಳಗಾಗಿ ಮರಳಿ ಬಂದಿದೆ: ತನ್ನ ಗುಣವನ್ನು ಹೇಳಿಕೊಳ್ಳುವುದು ಸಲ್ಲದೆಂದು ಅವನು ಶಂಕಿಸಿದ್ದ, ಇಲ್ಲಿ ಒಬ್ಬನು ತನ್ನ ಅಪರಾಧವನ್ನು ಹೇಳಿಕೊಳ್ಳುತ್ತಿದ್ದಾನೆ.

ಮುಂದಿನ ಕಾಲದಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಯಿತು. 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಬಂದಾಗ ಕೇರಿಯ ಬದುಕು ಕೇರಿಯ ನುಡಿಗೆ ತೀರ ಹತ್ತಿರವಾದ ದನಿಯಲ್ಲಿ ಕೇಳಿಸಿತು. ಬಡವರನ್ನು ಕುರಿತ ಕತೆಗಳು ಅದಕ್ಕೆ ಮುಂಚೆಯೂ ಬೇಕಾದಷ್ಟಿದ್ದವು. ಹೇಳುವ ದನಿ ಹೊಸದು. 2025ರಲ್ಲಿ ಬಾನು ಮುಷ್ತಾಕರ ಕತೆಗಳ ಸಂಕಲನಕ್ಕೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಮುಸ್ಲಿಂ ಹೆಂಗಸರ ಮನೆಯೊಳಗಿನ ನೋವನ್ನು ಹೊರಗಿನಿಂದ ಇಣುಕಿ ನೋಡಿ ಬರೆದ ಕತೆಗಳಲ್ಲ ಅವು. ಯಾರು ಹೇಳುತ್ತಾರೆ ಎಂಬ ಲಕ್ಷಣಶಾಸ್ತ್ರದ ಪ್ರಶ್ನೆ, ಹೇಳುವ ಅವಕಾಶ ಇದುವರೆಗೆ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂಬ ಸಮಾಜದ ಪ್ರಶ್ನೆಯೂ ಆಯಿತು.

ಹಳೆಯ ಪಟ್ಟಿಯನ್ನು ಹರಿದೊಗೆಯಬೇಕೆಂದು ನಾನು ಹೇಳುತ್ತಿಲ್ಲ. ವಸ್ತುವಿಲ್ಲದೆ, ಪಾತ್ರವಿಲ್ಲದೆ ಕತೆ ನಿಲ್ಲದು. ನಾಟಕದಿಂದ ಕಡ ತಂದ ಆ ಮಾತುಗಳು ನಮಗೆ ಬಹುಕಾಲ ಒಳ್ಳೆಯ ಸೇವೆ ಸಲ್ಲಿಸಿವೆ. ಆದರೆ ಪಟ್ಟಿ ಹಿಡಿದು ಕತೆಯ ಬಳಿಗೆ ಹೋಗುವ ಮುನ್ನ ಓದುಗರು, ಅದರಲ್ಲಿಯೂ ಪಾಠ ಹೇಳುವವರು, ಒಂದೆರಡು ಸರಳ ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದನ್ನು ನನಗೆ ಹೇಳುತ್ತಿರುವವರು ಯಾರು? ಅವರಿಗೆ ಇದು ಹೇಗೆ ತಿಳಿಯಿತು? ಅವರು ಹೇಳದೆ ಉಳಿಸಿಕೊಂಡದ್ದು ಏನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಮಾಸ್ತಿಯವರನ್ನೋ ಆನಂದರನ್ನೋ ಮತ್ತೊಮ್ಮೆ ತೆರೆದು ನೋಡಿದರೆ, ಬಹುಕಾಲದಿಂದ ಪರಿಚಿತವಾದ ಕತೆಗಳೂ ಬೇರೆಯಾಗಿ ಕೇಳಿಸುತ್ತವೆ ಎಂಬುದು ನನ್ನ ಅನುಭವ.