ಇನಾಕ್ಯುಲೇಷನ್ ಬೇರೆ, ವ್ಯಾಕ್ಸಿನೇಷನ್ ಬೇರೆ

ಇಂಗ್ಲಿಷ್ ಭಾಷೆಯಲ್ಲಿ ಇನಾಕ್ಯುಲೇಷನ್ ಎಂದೂ ವ್ಯಾಕ್ಸಿನೇಷನ್ ಎಂದೂ ಎರಡು ಪದಗಳಿವೆ. ನಿಘಂಟು ತೆರೆದರೆ ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಟ್ಟಿರುವುದುಂಟು. ವೈದ್ಯರಾದ ನಾವೂ ಇವನ್ನು ಅದಲುಬದಲು ಮಾಡಿಯೇ ಮಾತನಾಡುತ್ತೇವೆ. ಆದರೆ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಈ ಎರಡು ಪದಗಳು ಒಂದಕ್ಕೊಂದು ಎದುರಾಳಿಗಳಾಗಿದ್ದವು. ಇಂಗ್ಲೆಂಡಿನಲ್ಲಿ 1840ರ ಕಾನೂನು ಒಂದನ್ನು ಬಡವರಿಗೆ ಉಚಿತವಾಗಿ ಕೊಡಿಸಿತು, ಇನ್ನೊಂದನ್ನು ಅಪರಾಧವೆಂದು ಸಾರಿತು.

ಸ್ಮರಣ ಸಂಚಿಕೆಯಲ್ಲಿ ಇಂಥ ಒಣ ವಿಷಯವೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಯುಗಾದಿ, ದೀಪಾವಳಿಯ ಊಟದ ಪಂಕ್ತಿಯಲ್ಲಿ ಕುಳಿತಾಗ ಎರಡು ಮಾತುಗಳು ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತವೆ. ಹಿರಿಯರು, "ಡಾಕ್ಟ್ರೇ, ಈ ವ್ಯಾಕ್ಸಿನೇಷನ್ ಎಲ್ಲಾ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತಂತಲ್ಲ!" ಎನ್ನುತ್ತಾರೆ. ಎಳೆ ಮಗುವಿನ ತಾಯಂದಿರು, "ಲಸಿಕೆ ಅಂದರೆ ಆ ರೋಗವನ್ನೇ ಮಗುವಿಗೆ ಚುಚ್ಚೋದಲ್ವಾ?" ಎಂದು ಮೆಲ್ಲಗೆ ಕೇಳುತ್ತಾರೆ. ಮೊದಲನೆಯದು ಹೆಮ್ಮೆಯ ಮಾತು, ಎರಡನೆಯದು ಭಯದ ಮಾತು. ಎರಡೂ ಹುಟ್ಟಿರುವುದು ಈ ಎರಡು ಪದಗಳ ಗೊಂದಲದಿಂದಲೇ.

ಮೊದಲು ಇನಾಕ್ಯುಲೇಷನ್. ಲ್ಯಾಟಿನ್ನಿನಲ್ಲಿ ಓಕುಲಸ್ ಎಂದರೆ ಕಣ್ಣು. ಗಿಡದ ಮೊಗ್ಗಿಗೂ ಅದೇ ಹೆಸರು. ಒಂದು ಗಿಡದ ಕಣ್ಣನ್ನು ಬಿಡಿಸಿ ಇನ್ನೊಂದು ಗಿಡದ ತೊಗಟೆಯಲ್ಲಿ ಕೂರಿಸುವುದೇ ಇನಾಕ್ಯುಲೇಷನ್. ನಮ್ಮ ತೋಟಗಾರರು ಗುಲಾಬಿಗೆ ಮಾಡುವ ಕಣ್ಣು ಕಸಿ ಎಂದರೆ ಇದೇ. ಕಬ್ಬಿಗೂ ಆಲೂಗಡ್ಡೆಗೂ ಕಣ್ಣಿದೆ ಎನ್ನುವ ಕನ್ನಡಿಗರಿಗೆ ಲ್ಯಾಟಿನ್ನಿನವರ ಈ ಕಲ್ಪನೆ ವಿಚಿತ್ರವಾಗಿ ಕಾಣಲಾರದು. ತೋಟದ ಈ ಮಾತು ಹದಿನೆಂಟನೆಯ ಶತಮಾನದ ಮೊದಲಲ್ಲಿ ವೈದ್ಯಕ್ಕೆ ಬಂತು. ಸಿಡುಬಾದವನ ಗುಳ್ಳೆಯಿಂದ ಕೀವು ತೆಗೆದು, ಆರೋಗ್ಯವಂತನ ತೋಳಿನಲ್ಲಿ ಸಣ್ಣ ಗೀರು ಹಾಕಿ ಅದನ್ನು ಸೇರಿಸುವುದು. ತಾನಾಗಿ ಬಂದ ಸಿಡುಬು ನೂರಕ್ಕೆ ಇಪ್ಪತ್ತು ಮೂವತ್ತು ಜನರನ್ನು ಕೊಲ್ಲುತ್ತಿತ್ತು. ಹೀಗೆ ಕಸಿ ಮಾಡಿದ ಸಿಡುಬಿನಲ್ಲಿ ಸಾಯುತ್ತಿದ್ದವರು ನೂರಕ್ಕೆ ಒಬ್ಬರೋ ಇಬ್ಬರೋ. ಬದುಕಿದವರಿಗೆ ಆ ರೋಗ ಮತ್ತೆ ಬರುತ್ತಿರಲಿಲ್ಲ.

ಈ ಪದ್ಧತಿ ಯೂರೋಪಿನದಲ್ಲ. ಚೀನಾದಲ್ಲಿ ಸಿಡುಬಿನ ಹಕ್ಕಳೆಯನ್ನು ಒಣಗಿಸಿ ಪುಡಿಮಾಡಿ ಮೂಗಿನೊಳಕ್ಕೆ ಊದುತ್ತಿದ್ದರು. ತುರ್ಕಿಯಲ್ಲಿ ಮುದುಕಿಯರು ಸೂಜಿಯಿಂದ ಚುಚ್ಚುತ್ತಿದ್ದರು. ಬ್ರಿಟಿಷ್ ರಾಯಭಾರಿಯ ಪತ್ನಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು 1717ರಲ್ಲಿ ಅದನ್ನು ಕಂಡು ಊರಿಗೆ ಪತ್ರ ಬರೆದಳು. ಮರುವರ್ಷ ತನ್ನ ಮಗನಿಗೇ ಮಾಡಿಸಿದಳು. ಬಂಗಾಳದ ಪದ್ಧತಿಯನ್ನು 1767ರಲ್ಲಿ ವಿವರವಾಗಿ ಬರೆದಿಟ್ಟವನು ಜಾನ್ ಹಾಲ್ವೆಲ್, ಕಲ್ಕತ್ತದ ಕಪ್ಪುಕೋಣೆಯ ಕಥೆ ಬರೆದ ಅದೇ ಹಾಲ್ವೆಲ್. ಬ್ರಾಹ್ಮಣ ಟೀಕಾದಾರರು ಸಿಡುಬಿನ ಕಾಲಕ್ಕೆ ಮುಂಚೆ ಮನೆಮನೆಗೆ ಬರುತ್ತಿದ್ದರಂತೆ. ಒಂದು ತಿಂಗಳು ಮೊದಲಿನಿಂದ ಮೀನು, ಹಾಲು, ತುಪ್ಪ ಬಿಡಿಸುತ್ತಿದ್ದರಂತೆ. ಅವರು ಹಚ್ಚುತ್ತಿದ್ದುದು ತಾನಾಗಿ ಬಂದ ಸಿಡುಬಿನ ಹಸಿ ಕೀವನ್ನಲ್ಲ. ಹಿಂದಿನ ವರ್ಷ ಕಸಿ ಮಾಡಿಸಿಕೊಂಡವರಿಂದ ತೆಗೆದು ಹತ್ತಿಯಲ್ಲಿ ಕಾಪಿಟ್ಟದ್ದನ್ನು. ಹಳೆಯದಾದಷ್ಟೂ ಅದರ ಬಲ ಕುಂದುತ್ತದೆ ಎಂಬ ತಿಳಿವಳಿಕೆ ಇದರ ಹಿಂದೆ ಇದ್ದಂತಿದೆ. ವೈದ್ಯನಾಗಿ ನಾನು ತಲೆಬಾಗುವುದು ಈ ಎಚ್ಚರಕ್ಕೆ.

ನಾವೀಗ ನೆಲೆಸಿರುವ ಅಮೆರಿಕಕ್ಕೆ ಈ ವಿದ್ಯೆ ಬಂದ ಬಗೆ ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ. ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರನ ಮನೆಯಲ್ಲಿ ಒನೆಸಿಮಸ್ ಎಂಬ ಆಫ್ರಿಕದ ಗುಲಾಮನಿದ್ದ. ನಿನಗೆ ಸಿಡುಬು ಆಗಿತ್ತೇ ಎಂದು ಧಣಿ ಕೇಳಿದಾಗ, ಆಗಿತ್ತು ಎಂದೂ ಹೇಳಬಹುದು, ಇಲ್ಲವೆಂದೂ ಹೇಳಬಹುದು ಎಂದು ಉತ್ತರಿಸಿ, ತನ್ನ ನಾಡಿನಲ್ಲಿ ತೋಳಿಗೆ ಕೀವು ಸೇರಿಸುವುದನ್ನು ವಿವರಿಸಿದ. ಇನಾಕ್ಯುಲೇಷನ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಪಠ್ಯಪುಸ್ತಕಗಳಲ್ಲಿ ಓದಿಲ್ಲ. ರೋಗ ಬಂದಿತ್ತು, ಬಂದಿರಲಿಲ್ಲ. 1721ರಲ್ಲಿ ಊರಿಗೆ ಸಿಡುಬು ಬಡಿದಾಗ ಮೇದರನ ಮಾತು ನಂಬಿ ಜಬ್ಡಿಯಲ್ ಬಾಯ್ಲ್‌ಸ್ಟನ್ ಎಂಬ ವೈದ್ಯ ಇನ್ನೂರ ನಲವತ್ತಕ್ಕೂ ಹೆಚ್ಚು ಜನರಿಗೆ ಕಸಿ ಮಾಡಿದ. ಸತ್ತವರು ಆರು ಮಂದಿ. ತಾನಾಗಿ ಸಿಡುಬಾದ ಐದು ಸಾವಿರಕ್ಕೂ ಮಿಕ್ಕಿದವರಲ್ಲಿ ಸತ್ತವರು 844. ಆದರೂ ಜನ ರೊಚ್ಚಿಗೆದ್ದು ಮೇದರನ ಮನೆಯೊಳಕ್ಕೆ ಬಾಂಬು ಎಸೆದರು. ಅದು ಸಿಡಿಯಲಿಲ್ಲ.

ಆ ಊರಿನಲ್ಲಿ ಎಂ.ಡಿ. ಪದವಿ ಇದ್ದ ಏಕೈಕ ವೈದ್ಯ ವಿಲಿಯಂ ಡಗ್ಲಸ್ ಇದನ್ನು ಕಟುವಾಗಿ ವಿರೋಧಿಸಿದ. ಪದವೀಧರನಿಗೆ ತಿಳಿಯದ್ದು ಗುಲಾಮನಿಗೆ ತಿಳಿದಿತ್ತು ಎಂದು ನಗುವುದು ಸುಲಭ. ಆದರೆ ಡಗ್ಲಸ್‌ನ ಒಂದು ಆಕ್ಷೇಪಣೆಯಲ್ಲಿ ಹುರುಳಿತ್ತು. ಕಸಿ ಮಾಡಿಸಿಕೊಂಡವನ ಮೈಯಲ್ಲಿರುವುದು ನಿಜವಾದ ಸಿಡುಬೇ. ಅವನು ತಾನು ಹಗುರಾಗಿ ಪಾರಾಗಬಹುದು, ಆದರೆ ಅವನ ಗಾಳಿ ತಾಗಿದ ಪಕ್ಕದ ಮನೆಯ ಮಗುವಿಗೆ ಬರುವುದು ಪೂರ್ಣ ಪ್ರಮಾಣದ ಸಿಡುಬು. ಅನುಕೂಲಸ್ಥರು ಮೂರು ನಾಲ್ಕು ವಾರ ಬೇರೆ ಮನೆಯಲ್ಲಿದ್ದು ಕಸಿ ಮಾಡಿಸಿಕೊಳ್ಳಬಹುದಿತ್ತು. ಅದರ ಕಿಡಿ ಹಾರಿದರೆ ಸುಡುತ್ತಿದ್ದುದು ಬಡವರ ಕೇರಿ. ಜಾರ್ಜ್ ವಾಷಿಂಗ್ಟನ್ 1777ರಲ್ಲಿ ತನ್ನ ಸೈನ್ಯಕ್ಕೆಲ್ಲ ವ್ಯಾಕ್ಸಿನೇಷನ್ ಮಾಡಿಸಿದನೆಂದು ಇಲ್ಲಿಯವರು ಈಗಲೂ ಹೇಳುವುದುಂಟು. ಅವನು ಮಾಡಿಸಿದ್ದು ಇನಾಕ್ಯುಲೇಷನ್. ಹಾಗಾಗಿಯೇ ಸೈನಿಕರನ್ನು ತಂಡತಂಡವಾಗಿ ಪ್ರತ್ಯೇಕಿಸಬೇಕಾಯಿತು, ಅವರೆಲ್ಲ ಮಲಗಿರುವ ಸುದ್ದಿ ಶತ್ರುವಿಗೆ ತಿಳಿಯದಂತೆ ಬಚ್ಚಿಡಬೇಕಾಯಿತು.

ಇನ್ನು ವ್ಯಾಕ್ಸಿನೇಷನ್. ವಾಕಾ ಎಂದರೆ ಲ್ಯಾಟಿನ್ನಿನಲ್ಲಿ ಹಸು. ಹಸುವಿನ ಕೆಚ್ಚಲಿನ ಮೇಲೆ ಏಳುವ ಗೋಸಿಡುಬು ಹಾಲು ಕರೆಯುವವರ ಕೈಗೆ ಅಂಟುತ್ತಿತ್ತು, ಮತ್ತು ಅಂಥವರಿಗೆ ಸಿಡುಬು ಬರುತ್ತಿರಲಿಲ್ಲ. ಹಳ್ಳಿಗರಿಗೆ ತಿಳಿದಿದ್ದ ಈ ಸಂಗತಿಯನ್ನು 1796ರ ಮೇ 14ರಂದು ಎಡ್ವರ್ಡ್ ಜೆನ್ನರ್ ಪರೀಕ್ಷೆಗೊಡ್ಡಿದ. ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಗುಳ್ಳೆಯ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಹಚ್ಚಿದ. ಒಂದೂವರೆ ತಿಂಗಳ ನಂತರ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವಿನಿಂದ ಇನಾಕ್ಯುಲೇಷನ್ ಮಾಡಿದ. ರೋಗ ಬರಲಿಲ್ಲ. ಹೊಸ ವಿದ್ಯೆಯನ್ನು ಒರೆಗೆ ಹಚ್ಚಿದ್ದು ಹಳೆಯ ವಿದ್ಯೆಯಿಂದಲೇ. (ಇಂದು ಇಂಥ ಪ್ರಯೋಗಕ್ಕೆ ಯಾವ ಆಸ್ಪತ್ರೆಯ ಸಮಿತಿಯೂ ಒಪ್ಪಿಗೆ ಕೊಡದು ಎಂಬುದು ಬೇರೆ ಮಾತು.) ವ್ಯಾಕ್ಸಿನೇಷನ್ ಎಂಬ ಪದವನ್ನು 1800ರಲ್ಲಿ ಮೊದಲು ಬಳಸಿದವನು ಜೆನ್ನರನ ಮಿತ್ರ, ವೈದ್ಯ ರಿಚರ್ಡ್ ಡನ್ನಿಂಗ್. ಇನಾಕ್ಯುಲೇಷನ್ ಎಂಬ ಪದ ಕೈಗೆ ಸಿಕ್ಕುವಂತಿದ್ದರೂ ಹೊಸ ಪದ ಬೇಕಾಯಿತು. ಏಕೆಂದರೆ ಗೋಸಿಡುಬು ಹಾಕಿಸಿಕೊಂಡವನು ಸಾಯುತ್ತಿದ್ದುದು ತೀರ ಅಪರೂಪ, ಮತ್ತು ಅವನಿಂದ ನೆರೆಯವರಿಗೆ ಸಿಡುಬು ಹರಡುತ್ತಿರಲಿಲ್ಲ. ವ್ಯತ್ಯಾಸವೆಲ್ಲ ಇರುವುದು ಇಲ್ಲಿ.

ಈ ಗೋಸಿಡುಬು ಭಾರತಕ್ಕೆ ಬಂದದ್ದು ಬಾಗ್ದಾದ್, ಬಸ್ರಾಗಳ ದಾರಿಯಾಗಿ. ದಾರಕ್ಕೆ ಹಚ್ಚಿ ಒಣಗಿಸಿದ ರಸ ಬಿಸಿಲಿಗೆ ಕೆಡುತ್ತಿತ್ತು, ಆದ್ದರಿಂದ ತೋಳಿನಿಂದ ತೋಳಿಗೆ ದಾಟಿಸುತ್ತ ತರಬೇಕಾಯಿತು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದು ಹತ್ತಿತು. ಅಲ್ಲಿಂದ ಮುಂದೆ ದೇಶದಲ್ಲೆಲ್ಲ ಹರಡಿದ್ದು ಆ ಮಗುವಿನ ತೋಳಿನ ರಸ. ಯಾರದೋ ಮಗುವಿನ ಮೈರಸವನ್ನು ತಮ್ಮ ಮಗುವಿಗೆ ಸೇರಿಸಲು ಜಾತಿಕಟ್ಟಿನ ಸಮಾಜ ಎಷ್ಟು ಹಿಂಜರಿದಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಇಲ್ಲಿ ನಮ್ಮ ಮೈಸೂರಿನ ಪ್ರವೇಶವಾಗುತ್ತದೆ. ಥಾಮಸ್ ಹಿಕ್ಕಿ ಎಂಬ ಕಲಾವಿದ 1805ರ ಸುಮಾರಿಗೆ ಬರೆದ ಒಂದು ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ನರ್ತಕಿಯರ ಚಿತ್ರವೆಂದು ಅದನ್ನು ಬಹುಕಾಲ ಭಾವಿಸಲಾಗಿತ್ತು. ಅವರು ಮೈಸೂರಿನ ರಾಣಿಯರು ಎಂದು ವಾದಿಸಿದವರು ಇತಿಹಾಸಕಾರ ನೈಜಲ್ ಚಾನ್ಸಲರ್. ಅವರ ಪ್ರಕಾರ ಬಲಗಡೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರು. ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾರೆ, ವ್ಯಾಕ್ಸಿನೇಷನ್ ಆದ ಜಾಗವನ್ನು. ಎಡಗಡೆ ಇರುವವರು ಅದೇ ಹೆಸರಿನ ಹಿರಿಯ ರಾಣಿ. ಅವರ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬದಲಾಗಿದೆ. ಅದು ಮೂಗಿಗೆ ಸಿಡುಬಿನ ಪುಡಿ ಊದುವ ಹಳೆಯ ಇನಾಕ್ಯುಲೇಷನ್ನಿನ ಗುರುತಾಗಿರಬಹುದು. ನಡುವೆ ನಿಂತವರು ರಾಜಮನೆತನವನ್ನು ಹೈದರ್, ಟೀಪು ಕಾಲದುದ್ದಕ್ಕೂ ಕಾಪಾಡಿದ ಲಕ್ಷ್ಮಮ್ಮಣ್ಣಿಯವರು. ಅವರ ಪತಿಯನ್ನು ಸಿಡುಬೇ ಬಲಿ ತೆಗೆದುಕೊಂಡಿತ್ತು ಎನ್ನುತ್ತಾರೆ. ಈ ಗುರುತಿಸುವಿಕೆಗೆ ನೇರವಾದ ಬರಹದ ಸಾಕ್ಷಿ ಕಡಿಮೆ, ತರ್ಕವೇ ಹೆಚ್ಚು. ಆದರೂ ನನಗೆ ಅದು ಒಪ್ಪುವ ಮಾತಾಗಿ ಕಾಣುತ್ತದೆ. ಅಂತಃಪುರದ ಹೆಣ್ಣುಮಗಳು ಪರಕೀಯ ಚಿತ್ರಕಾರನ ಎದುರು ತೋಳಿನ ಸೆರಗು ಸರಿಸಿ ನಿಲ್ಲಲು ಬಲವಾದ ಕಾರಣವೇ ಇರಬೇಕು. ಇದು ನಿಜವಾದರೆ, ನಮ್ಮ ಎರಡು ಇಂಗ್ಲಿಷ್ ಪದಗಳು ಒಂದೇ ಪಟದಲ್ಲಿ, ಒಬ್ಬನೇ ಅರಸನ ಇಬ್ಬರು ರಾಣಿಯರಾಗಿ ನಿಂತಿವೆ.

ಪಂಕ್ತಿಯ ಹಿರಿಯರ ಮಾತಿಗೆ ಈಗ ಉತ್ತರ ಹೇಳಬಹುದು. ಇನಾಕ್ಯುಲೇಷನ್ ನಮ್ಮವರಿಗೆ ಜೆನ್ನರನಿಗಿಂತ ಮೊದಲೇ ಗೊತ್ತಿತ್ತು, ಸಂಶಯವಿಲ್ಲ. ಆದರೆ ಗೋಸಿಡುಬಿನ ವ್ಯಾಕ್ಸಿನೇಷನ್ ಸಂಸ್ಕೃತ ಗ್ರಂಥಗಳಲ್ಲಿದೆ ಎಂಬ ಮಾತಿನ ಕಥೆಯೇ ಬೇರೆ. ಮದ್ರಾಸಿನಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ ಎಂಬ ಅಧಿಕಾರಿಯಿದ್ದ. ಕನ್ನಡ, ತಮಿಳು, ತೆಲುಗು ಒಂದೇ ಕುಟುಂಬದ ಭಾಷೆಗಳು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು 1816ರಲ್ಲಿ ತೋರಿಸಿಕೊಟ್ಟ ವಿದ್ವಾಂಸನೇ ಈತ. ಜನ ವ್ಯಾಕ್ಸಿನೇಷನ್ನಿಗೆ ಒಪ್ಪಲಿ ಎಂಬ ಸದುದ್ದೇಶದಿಂದ ಈತ ಗೋವಿನ ಈ ವರದ ಬಗ್ಗೆ ತಾನೇ ಸಂಸ್ಕೃತ ಪದ್ಯ ಕಟ್ಟಿ, ಹಳೆಯ ಕಾಗದದ ಮೇಲೆ ಬರೆಸಿ, ಪ್ರಾಚೀನವೆಂದು ನಂಬಿಸಲು ನೋಡಿದನೆಂದು ಅವನ ಸಮಕಾಲೀನ ಜಾನ್ ಮಾಲ್ಕಮ್ ಬರೆದಿದ್ದಾನೆ. ಧನ್ವಂತರಿಯ ಹೆಸರಿನಲ್ಲೂ ಇಂಥದೊಂದು ಭಾಗ ಆ ಕಾಲದ ಪತ್ರಿಕೆಗಳಲ್ಲಿ ಓಡಾಡಿತು. ಮೂಲ ಗ್ರಂಥಗಳಲ್ಲಿ ಅದು ಸಿಕ್ಕಿಲ್ಲ. ನಾವಿಂದು ಎದೆಯುಬ್ಬಿಸಿ ಹೇಳುವ ಮಾತನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ನಮ್ಮ ಪೂರ್ವಿಕರ ಕಿವಿಗೆ ಹೂವಿಡಲು ಹೊಸೆದದ್ದಿರಬಹುದು! ಬಂಗಾಳದ ಟೀಕಾದಾರರ ನಿಜವಾದ ಜ್ಞಾನವೇ ಸಾಕಷ್ಟು ದೊಡ್ಡದು. ಸುಳ್ಳಿನ ಆಸರೆ ಅದಕ್ಕೆ ಬೇಡ. ಆ ವೃತ್ತಿಯವರನ್ನು ಸರಕಾರ ಮುಂದೆ ಹಿಂಬದಿಗೆ ತಳ್ಳಿತು. ಕಲ್ಕತ್ತದ ಸುತ್ತಮುತ್ತ 1865ರ ಕಾನೂನು ಇನಾಕ್ಯುಲೇಷನ್ನನ್ನು ನಿಷೇಧಿಸಿತು.

ಕನ್ನಡವಾದರೋ ಈ ಭೇದವನ್ನು ಗಮನಿಸಲೇ ಇಲ್ಲ. ಸಿಡುಬಿಗೆ ಮೈಲಿ ಎಂಬ ಹೆಸರುಂಟು, ದೇವಿ, ಅಮ್ಮ ಎಂದೂ ಕರೆಯುತ್ತೇವೆ. ವ್ಯಾಕ್ಸಿನೇಷನ್ನಿಗೆ ನಮ್ಮ ಹಿರಿಯರು ಹೇಳಿದ್ದು ಮೈಲಿ ಹಾಕುವುದು, ದೇವಿ ಹಾಕುವುದು, ದಾಕು ಹಾಕುವುದು ಎಂದು. ಹಾಕುತ್ತಿದ್ದುದು ಹಸುವಿನ ಸಿಡುಬು, ಹೆಸರು ಮಾತ್ರ ಮನುಷ್ಯರ ಸಿಡುಬಿನದು. ಮೈಲಿ ಹಾಕುವವರು ಬಂದರೆಂದರೆ ಹಳ್ಳಿಯ ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಹೆಸರನ್ನು ನಂಬಿದವರು ಹೆದರಿದ್ದರಲ್ಲಿ ಆಶ್ಚರ್ಯವೇನು? ಲಸಿಕೆ ಎಂಬುದು ಆಮೇಲೆ ಬಂದ ಪುಸ್ತಕದ ಪದ. ಸಂಸ್ಕೃತದಲ್ಲಿ ಅದಕ್ಕೆ ದೇಹದ ತಿಳಿಯಾದ ರಸ ಎಂದು ಅರ್ಥ. ಕರುವಿನ ಮೈಯಿಂದ ತೆಗೆದ ವ್ಯಾಕ್ಸಿನ್ ರಸವನ್ನು ಇಂಗ್ಲಿಷರು ಲಿಂಫ್ ಎನ್ನುತ್ತಿದ್ದರು. ಅದರ ಅನುವಾದವಾಗಿಯೇ ಈ ಪದ ಬಂದಿರಬೇಕೆಂದು ನನ್ನ ಊಹೆ. ಬೆಳಗಾವಿಯವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಗೊತ್ತಿರುತ್ತದೆ. ಅಲ್ಲಿ ತಯಾರಾಗುತ್ತಿದ್ದುದು ಸಿಡುಬಿನ ಈ ಲಸಿಕೆಯೇ.

ಪದಗಳ ಗಡಿ ಅಳಿಸಿದವನು ಲೂಯಿ ಪಾಶ್ಚರ್. 1881ರಲ್ಲಿ ಲಂಡನ್ನಿನ ವೈದ್ಯ ಸಮ್ಮೇಳನದಲ್ಲಿ, ಜೆನ್ನರನ ಗೌರವಾರ್ಥ ಇಂಥ ಎಲ್ಲ ರಕ್ಷಣೆಗೂ ವ್ಯಾಕ್ಸಿನೇಷನ್ ಎಂದೇ ಕರೆಯೋಣವೆಂದ. ಅಂದಿನಿಂದ ಹಸುವಿಗೂ ಈ ಪದಕ್ಕೂ ನಂಟು ತಪ್ಪಿತು. ಆದರೂ ಭಾರತದಲ್ಲಿ ಹಳೆಯ ರೂಢಿ ಬಹಳ ಕಾಲ ಉಳಿಯಿತು. ಹಾಫ್‌ಕಿನ್ 1897ರಲ್ಲಿ ಬೊಂಬಾಯಿಯಲ್ಲಿ ಪ್ಲೇಗಿಗೆ ಮದ್ದು ಕಂಡುಹಿಡಿದಾಗ ಅದು ಇನಾಕ್ಯುಲೇಷನ್ ಎನಿಸಿತು. ಮರುವರ್ಷ ಪ್ಲೇಗು ಬೆಂಗಳೂರಿಗೆ ಬಂತು. ಮನೆಯಲ್ಲಿ ಹಿರಿಯರಿದ್ದರೆ 'ಇನಾಕ್ಲೇಷನ್' ಎಂಬ ಮಾತನ್ನು ಅವರ ಬಾಯಲ್ಲಿ ನೀವು ಕೇಳಿರಬಹುದು. ಸಿಡುಬಿಗೆ ವ್ಯಾಕ್ಸಿನೇಷನ್, ಕಾಲರಾ ಪ್ಲೇಗುಗಳಿಗೆ ಇನಾಕ್ಯುಲೇಷನ್ ಎಂದು ಬಳಕೆ ನಿಂತಿತು. ತಮಾಷೆಯೆಂದರೆ ಪ್ಲೇಗಿನ ಆ ಮದ್ದಿನಲ್ಲಿದ್ದುದು ಕಾಯಿಸಿ ಕೊಂದ ಕ್ರಿಮಿ. ಕಣ್ಣು ಕಸಿಯಂತೆ ಚಿಗುರುವ ಜೀವ ಅದರಲ್ಲಿರಲಿಲ್ಲ.

ಎಳೆಯ ತಾಯಂದಿರ ಪ್ರಶ್ನೆಗೆ ಬರೋಣ. ರೋಗವನ್ನೇ ಚುಚ್ಚುವುದು ಇನಾಕ್ಯುಲೇಷನ್ನಿನ ಹಳೆಯ ಅರ್ಥ. ಆ ಅರ್ಥದಲ್ಲಿ ಇಂದು ನಾವು ಯಾವ ಮಗುವಿಗೂ ಅದನ್ನು ಮಾಡುವುದಿಲ್ಲ. ನಾಯಿಕೆಮ್ಮು, ಧನುರ್ವಾಯುಗಳ ಚುಚ್ಚುಮದ್ದಿನಲ್ಲಿ ಜೀವವಿರುವ ಕ್ರಿಮಿಯೇ ಇಲ್ಲ. ದಡಾರ, ಮಂಗನಬಾವು, ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ಜೀವಂತ ವೈರಸ್ ಇದೆ, ಆದರೆ ಬಲಗುಂದಿಸಿದ್ದು. ಆ ಕಾರಣಕ್ಕೇ ಗರ್ಭಿಣಿಯರಿಗೂ ರೋಗನಿರೋಧ ಶಕ್ತಿ ತೀರ ಕುಗ್ಗಿದವರಿಗೂ ಅವನ್ನು ಕೊಡುವುದಿಲ್ಲ. ಊರಿಗೆ ಹೊರಡುವ ಮುನ್ನ ಟೈಫಾಯ್ಡ್ ಲಸಿಕೆ ಕೇಳುವವರಿಗೆ ಹಿಂದೆ ಚುಚ್ಚುವ ಮದ್ದಲ್ಲದೆ ನುಂಗುವ ಗುಳಿಗೆಯೂ ಸಿಗುತ್ತಿತ್ತು. ಆ ಗುಳಿಗೆಯಲ್ಲಿದ್ದುದು ಬಲಗುಂದಿದ ಜೀವಂತ ಕ್ರಿಮಿ, ಚುಚ್ಚುಮದ್ದಿನಲ್ಲಿ ಜೀವವಿಲ್ಲ. ಗುಳಿಗೆಯ ಜೊತೆಯಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡರೆ ಆ ಕ್ರಿಮಿ ಸತ್ತು ಲಸಿಕೆ ವ್ಯರ್ಥವಾಗುತ್ತಿತ್ತು.